ಹದಿನೈದು ವರ್ಷದ ಹಳೇ ಥ್ರೆಡ್‌ಗೆ ಈಗ ಬರೆದರೆ ತಪ್ಪಾ?

ಓದುಗರ ಪ್ರಶ್ನೆ: ಅಪ್ಪನ ಯಾಶಿಕಾ ಎಲೆಕ್ಟ್ರೋ 35 ಕ್ಯಾಮೆರಾ ಬೀರುವಿನಲ್ಲಿ ಸಿಕ್ಕಿತು. ಬ್ಯಾಟರಿ ಹಾಕಿದರೂ ಫೋಟೋಗಳು ಸರಿ ಬರುತ್ತಿಲ್ಲ. ಹುಡುಕಿದಾಗ ಕ್ಯಾಮೆರಾ ಹವ್ಯಾಸಿಗಳ ಫೋರಂನಲ್ಲಿ 2009ರ ಒಂದು ಚರ್ಚೆ ಸಿಕ್ಕಿತು. ತೊಂದರೆ ಹೆಚ್ಚುಕಮ್ಮಿ ನನ್ನದೇ. ಅಲ್ಲೇ ಕೇಳೋಣ ಅಂದರೆ ‘ಹಳೇ ಥ್ರೆಡ್ ಎಬ್ಬಿಸಬೇಡಿ’ ಅಂತ ಯಾರೋ ಬೈದಿದ್ದಾರೆ. ಬರೆಯಲಾ, ಬೇಡವಾ?

ಬರೆಯಿರಿ. ಆದರೆ ಕೇಳುವುದಕ್ಕಿಂತ ಹೇಳುವುದಕ್ಕೆ ಬರೆಯಿರಿ. ನಿಮ್ಮ ಕ್ಯಾಮೆರಾದಿಂದಲೇ ಇದನ್ನು ವಿವರಿಸುತ್ತೇನೆ.

ಎಲೆಕ್ಟ್ರೋ 35 ಬಂದಿದ್ದು 1966ರಲ್ಲಿ. ಅದರೊಳಗೆ ಒಂದು ಚಿಕ್ಕ ರಬ್ಬರ್ ಪ್ಯಾಡ್ ಇದೆ. ವಯಸ್ಸಾದಂತೆ ಅದು ಮೇಣದ ಹಾಗೆ ಕರಗಿ, ಪುಡಿಯಾಗಿ ಹೋಗುತ್ತದೆ. ಆಮೇಲೆ ಶಟರ್ ಸರಿಯಾದ ವೇಗದಲ್ಲಿ ಕೆಲಸ ಮಾಡುವುದಿಲ್ಲ, ಫೋಟೋಗೆ ಬೀಳುವ ಬೆಳಕಿನ ಲೆಕ್ಕ ತಪ್ಪುತ್ತದೆ. ರೀಲು ಮುಂದೆ ತಳ್ಳುವ ಲಿವರ್ ಎಳೆದು ನೋಡಿ. ಪ್ಯಾಡ್ ಚೆನ್ನಾಗಿದ್ದರೆ ಒಳಗಿನಿಂದ ‘ಠಕ್’ ಅಂತ ಗಟ್ಟಿ ಸದ್ದು ಬರುತ್ತದೆ. ಬರಲಿಲ್ಲ ಅಂದರೆ ಮೊದಲ ಅನುಮಾನ ಅದರ ಮೇಲೆಯೇ. ಈ ಕ್ಯಾಮೆರಾ ಇಷ್ಟಪಡುವವರು ಅದಕ್ಕೆ ‘ಪ್ಯಾಡ್ ಆಫ್ ಡೆತ್’ ಅಂತಲೇ ಹೆಸರಿಟ್ಟಿದ್ದಾರೆ.

2009ರಲ್ಲಿ ಯಾರೋ ಪುಣ್ಯಾತ್ಮರು ಈ ವಿಷಯ ಬರೆದಿಟ್ಟರು. ಕ್ಯಾಮೆರಾ ಅಂದಿನಿಂದ ಬದಲಾಗಿಲ್ಲ. ರಬ್ಬರ್ ಮಾತ್ರ ವರ್ಷ ವರ್ಷ ಇನ್ನಷ್ಟು ಹಾಳಾಗುತ್ತಿದೆ. ಅಂದರೆ ಅಂದು ಸರಿಯಿದ್ದ ಕ್ಯಾಮೆರಾಗಳು ಕೂಡ ಇಂದು ಕೈ ಕೊಡುತ್ತಿವೆ. ಆ ಉತ್ತರ ಬೇಕಾದವರು ಈಗ ಜಾಸ್ತಿ. ಹಾಗಿದ್ದ ಮೇಲೆ ಅದನ್ನು ಸತ್ತ ಥ್ರೆಡ್ ಅಂತ ಹೇಗೆ ಕರೆಯೋದು, ಅಲ್ವಾ?

ಹಾಗಾದರೆ ಜನ ಬೈಯುವುದು ಯಾಕೆ? ಫೋರಂಗಳ ಸಾಫ್ಟ್‌ವೇರ್ ಕೆಲಸ ಮಾಡುವ ರೀತಿಯೇ ಹಾಗೆ. ಯಾರಾದರೂ ಉತ್ತರ ಬರೆದರೆ ಸಾಕು, ಆ ಥ್ರೆಡ್ ಪಟ್ಟಿಯ ಮೇಲ್ತುದಿಗೆ ಬಂದು ಕೂರುತ್ತದೆ. ಜನ ತಾರೀಖು ನೋಡುವುದಿಲ್ಲ. ಮೊದಲ ಪುಟ ಓದಿ, 2009ರಲ್ಲಿ ಕೇಳಿದವರಿಗೆ ಇಂದು ಕಾಳಜಿಯಿಂದ ಉತ್ತರ ಕೊಡಲು ಶುರುಮಾಡುತ್ತಾರೆ. ಎಂದೋ ಮಾರಿಹೋದ ಲೆನ್ಸ್‌ಗೆ ‘ಇನ್ನೂ ಇದೆಯಾ’ ಅಂತ ವಿಚಾರಣೆ ಬೇರೆ. ಎಬ್ಬಿಸಿದವರು ಬರೆದಿದ್ದು ನೋಡಿದರೆ ಬರೀ ‘ನನಗೂ ಇದೇ ಸಮಸ್ಯೆ’. ಇದರಿಂದ ಕೆಲವರಿಗೆ ಸಿಟ್ಟು ಬರುವುದು ನ್ಯಾಯವೇ. ಹೀಗೆ ಹಳೇ ಥ್ರೆಡ್ ಎಬ್ಬಿಸುವುದಕ್ಕೆ ‘ನೆಕ್ರೋಪೋಸ್ಟಿಂಗ್’ ಅನ್ನುತ್ತಾರೆ. ‘ನೆಕ್ರೋ’ ಅಂದರೆ ಗ್ರೀಕ್‌ನಲ್ಲಿ ಹೆಣ.

ಆದರೆ ಎಲ್ಲ ಕಡೆ ಇದನ್ನು ತಪ್ಪು ಅನ್ನುವುದಿಲ್ಲ. ಸ್ಟ್ಯಾಕ್ ಎಕ್ಸ್‌ಚೇಂಜ್ ಅನ್ನುವ ಪ್ರಶ್ನೋತ್ತರ ತಾಣದಲ್ಲಿ ಪ್ರಶ್ನೆ ಕೇಳಿ 60 ದಿನ ಕಳೆದ ಮೇಲೆ ಉತ್ತರ ಬರೆದು, ಅದಕ್ಕೆ 5 ಅಥವಾ ಹೆಚ್ಚು ಅಂಕ ಬಂದರೆ ‘ನೆಕ್ರೋಮ್ಯಾನ್ಸರ್’ (ಸತ್ತವರನ್ನು ಎಬ್ಬಿಸುವ ಮಂತ್ರವಾದಿ) ಅನ್ನುವ ಬ್ಯಾಡ್ಜ್ ಕೊಡುತ್ತಾರೆ. ಚರ್ಚೆಗಳ ತಾಣ ರೆಡಿಟ್ ಬಹಳ ಕಾಲ ಆರು ತಿಂಗಳಾದ ಚರ್ಚೆಗಳಿಗೆ ತಾನಾಗಿಯೇ ಬೀಗ ಹಾಕುತ್ತಿತ್ತು. 2021ರಲ್ಲಿ ಆ ನಿರ್ಧಾರವನ್ನು ಆಯಾ ಗುಂಪುಗಳಿಗೇ ಬಿಟ್ಟಿತು. ಹಾಗಾಗಿ ಮೊದಲು ನೀವಿರುವ ಜಾಗದ ನಿಯಮ ಓದಿ. ಬೇಡ ಅಂತ ಬರೆದಿದ್ದರೆ ಬೇಡ. ಅದು ಅವರ ಮನೆ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಮೊದಲು ಹಳೆಯದನ್ನು ಕೊನೆಯ ಪುಟದವರೆಗೆ ಓದಿ, ಅಲ್ಲಿ ಹೇಳಿದ್ದನ್ನು ಮಾಡಿ ನೋಡಿ. ಆಮೇಲೂ ಪ್ರಶ್ನೆ ಉಳಿದರೆ ಹೊಸ ಥ್ರೆಡ್ ತೆರೆದು, ಹಳೆಯದರ ಲಿಂಕ್ ಹಾಕಿ, ಏನೇನು ಮಾಡಿ ನೋಡಿದೆ ಅಂತ ಬರೆಯಿರಿ. ಹಾಗೆ ಕೇಳಿದರೆ ಬಲ್ಲವರು ಖುಷಿಯಿಂದ ಬರುತ್ತಾರೆ. ನಿಮ್ಮ ಕ್ಯಾಮೆರಾ ಸರಿಹೋಯಿತು ಅಂತಿಟ್ಟುಕೊಳ್ಳಿ. ಆಗ ಹಳೇ ಥ್ರೆಡ್‌ಗೇ ಹೋಗಿ ಬರೆಯಬೇಕು. ಈ ಕ್ಯಾಮೆರಾಕ್ಕೆ ಹಾಕುತ್ತಿದ್ದ 5.6 ವೋಲ್ಟಿನ ಪಾದರಸದ ಬ್ಯಾಟರಿ ಈಗ ಸಿಗುವುದಿಲ್ಲ. 6 ವೋಲ್ಟಿನ 4ಎಲ್‌ಆರ್44 ಬ್ಯಾಟರಿಗೆ ಅಡಾಪ್ಟರ್ ಹಾಕಿ ನಡೆಸುತ್ತಾರೆ. ನೀವು ಯಾವುದು ಹಾಕಿದಿರಿ, ಪ್ಯಾಡ್‌ಗೆ ಯಾವ ರಬ್ಬರ್ ಬಳಸಿದಿರಿ, ಎಷ್ಟು ದಪ್ಪದ್ದು, ನಿಮ್ಮೂರಲ್ಲಿ ಎಲ್ಲಿ ಸಿಕ್ಕಿತು, ಎಲ್ಲ ಬರೆಯಿರಿ. ‘ಇದು ಹಳೇ ಥ್ರೆಡ್ ಅಂತ ಗೊತ್ತು, ಮುಂದೆ ಹುಡುಕಿ ಬರುವವರಿಗಾಗಿ’ ಅಂತ ಮೊದಲ ಸಾಲಿನಲ್ಲೇ ಹೇಳಿಬಿಡಿ. ಹಾಗೆ ಬರೆದವರ ಮೇಲೆ ಯಾರೂ ಸಿಡುಕಿದ್ದನ್ನು ನಾನು ಕಂಡಿಲ್ಲ.

ಹಳೆಯ ಮಾಹಿತಿ ಈಗ ತಪ್ಪು ಅಂತ ಗೊತ್ತಾದಾಗಲೂ ಬರೆಯಲೇಬೇಕು. ಕೊಡಾಕ್ ಕಂಪನಿಯ ಕೊಡಾಕ್ರೋಮ್ ಕಲರ್ ರೀಲು ಎಲ್ಲಿ ತೊಳೆಸಬಹುದು ಅನ್ನುವ ಚರ್ಚೆಗಳು ಇನ್ನೂ ಸಿಗುತ್ತವೆ. ಕೊಡಾಕ್ ಆ ರೀಲು ತಯಾರಿಸುವುದನ್ನು ನಿಲ್ಲಿಸಿದ್ದು 2009ರಲ್ಲಿ. ಅದನ್ನು ತೊಳೆಯುತ್ತಿದ್ದ, ಅಮೆರಿಕದ ಕಾನ್ಸಾಸ್‌ನಲ್ಲಿದ್ದ ಕೊನೆಯ ಲ್ಯಾಬ್ ರೀಲು ತೆಗೆದುಕೊಳ್ಳುವುದನ್ನು 2010ರ ಡಿಸೆಂಬರ್ ಕೊನೆಗೆ ನಿಲ್ಲಿಸಿತು. ಕೆಳಗೆ ಇಷ್ಟೇ ಒಂದು ಸಾಲು ಇದ್ದರೆ ಒಬ್ಬರ ಒಂದು ದಿನದ ಅಲೆದಾಟ ತಪ್ಪುತ್ತದೆ.

ಇನ್ನೊಂದು ಮಾತು. 2017ರಲ್ಲಿ ಫೋಟೋಬಕೆಟ್ ಅನ್ನುವ ಚಿತ್ರ ಇಡುವ ತಾಣ ತನ್ನಲ್ಲಿಟ್ಟ ಚಿತ್ರಗಳನ್ನು ಬೇರೆ ಕಡೆ ತೋರಿಸಲು ವರ್ಷಕ್ಕೆ ಸುಮಾರು 400 ಡಾಲರ್ ಕೇಳಿತು. ಲೆಕ್ಕವಿಲ್ಲದಷ್ಟು ರಿಪೇರಿ ಪಾಠಗಳ ಚಿತ್ರಗಳು ರಾತ್ರೋರಾತ್ರಿ ಮಾಯವಾದವು. ‘ಚಿತ್ರದಲ್ಲಿ ಬಾಣ ತೋರಿಸಿದ ಸ್ಕ್ರೂ ಬಿಚ್ಚಿ’ ಅಂತ ಬರೆದಿರುತ್ತದೆ, ಚಿತ್ರವೇ ಇರುವುದಿಲ್ಲ. ಒಂದು ರಾತ್ರಿ ಬಿಚ್ಚಿದ ಕ್ಯಾಮೆರಾ ಮುಂದಿಟ್ಟುಕೊಂಡು ಅಂಥ ಪುಟ ನೋಡುತ್ತಾ ಕೂತಿದ್ದೆ. ಅಳು ಬರುವುದೊಂದು ಬಾಕಿ.

ನೀವು ಮೇಲಿನ ಕವಚ ತೆಗೆಯುವಾಗ ಒಂದೊಂದು ಹಂತಕ್ಕೂ ಫೋಟೋ ತೆಗೆಯಿರಿ. ನೇರವಾಗಿ ಆ ಫೋರಂಗೇ ಏರಿಸಿ, ಆ 2009ರ ಥ್ರೆಡ್‌ನ ಕೆಳಗೇ.