ಒಂದು ಇಂಗ್ಲಿಷ್ ಪದ, ಎರಡು ಪೋರ್ಚುಗೀಸು: ದಿನಬಳಕೆಯ ಮಾತುಗಳ ತರ್ಜುಮೆ ಇಷ್ಟು ಸಿಕ್ಕಾದದ್ದು ಹೇಗೆ?

ಪೋರ್ಚುಗಲ್ಲಿನ ಲಿಸ್ಬನ್ನಿನಲ್ಲಾಗಲಿ ಬ್ರೆಜಿಲ್ಲಿನ ಸಾವೊ ಪೌಲೊದಲ್ಲಾಗಲಿ, ಅಂಗಡಿಗಳ ಗಾಜಿನ ಬಾಗಿಲ ಮೇಲೆ ಒಂದು ಪದ ಅಂಟಿಸಿರುತ್ತಾರೆ. ಓದಿದರೆ ಹೆಚ್ಚುಕಡಿಮೆ ‘ಪುಶೆ’ ಎಂದು ಕೇಳುತ್ತದೆ. ಇಂಗ್ಲಿಷ್ ಬಲ್ಲವರು ಸಲೀಸಾಗಿ ತಳ್ಳುತ್ತಾರೆ, ಬಾಗಿಲು ಅಲುಗುವುದಿಲ್ಲ. ಆ ಪದಕ್ಕೆ ಎಳೆಯಿರಿ ಎಂದರ್ಥ. ಪ್ರವಾಸಿಗಳು ಇದನ್ನು ನಗೆಹನಿಯ ಹಾಗೆ ಹೇಳಿಕೊಂಡು ತಿರುಗುತ್ತಾರೆ. ಆದರೆ ಈ ಬಾಗಿಲಿನ ವಿಷಯದಲ್ಲಿ ಎರಡೂ ದೇಶದವರಿಗೆ ಒಮ್ಮತವಾದರೂ ಇದೆ. ಬಸ್ಸು, ರೈಲು, ಫ್ರಿಜ್ಜು, ಮೊಬೈಲು, ಬೆಳಗಿನ ತಿಂಡಿ ಇವುಗಳಿಗೆ ಬಂದರೆ ಅದೂ ಇಲ್ಲ. ಪೋರ್ಚುಗಲ್ಲಿನಲ್ಲಿ ಬಸ್ಸು ‘ಆಟೊಕಾರು’, ಬ್ರೆಜಿಲ್ಲಿನಲ್ಲಿ ‘ಓನಿಬುಸ್’. ರೈಲು ಅಲ್ಲಿ ‘ಕೊಂಬೊಯು’, ಇಲ್ಲಿ ‘ತ್ರೇಂ’. ಬೆಳಗಿನ ತಿಂಡಿಗೆ ಪೋರ್ಚುಗಲ್ಲಿನವರು ‘ಚಿಕ್ಕ ಊಟ’ ಎಂದರೆ ಬ್ರೆಜಿಲ್ಲಿನವರು ‘ಬೆಳಗಿನ ಕಾಫಿ’ ಅನ್ನುತ್ತಾರೆ, ಕಾಫಿ ಕುಡಿಯದಿದ್ದರೂ. ಹಾಗಾಗಿ ಈ ಇಂಗ್ಲಿಷ್ ಪದಕ್ಕೆ ಪೋರ್ಚುಗೀಸಿನಲ್ಲಿ ಏನನ್ನುತ್ತಾರೆ ಎಂದು ಕೇಳಿದವರಿಗೆ ಉತ್ತರದ ಬದಲು ಒಂದು ಮರುಪ್ರಶ್ನೆ ಸಿಗುತ್ತದೆ: ಯಾವ ಪೋರ್ಚುಗೀಸು?

ಇಂಗ್ಲೆಂಡಿಗೂ ಪೋರ್ಚುಗಲ್ಲಿಗೂ ಸಂಬಂಧ ಬಹಳ ಹಳೆಯದು. 1386ರ ವಿಂಡ್ಸರ್ ಒಪ್ಪಂದದಿಂದ ಹಿಡಿದು ಪೋರ್ಟೊ ನಗರದ ದ್ರಾಕ್ಷಾರಸದ ವ್ಯಾಪಾರದವರೆಗೆ ನಾಲ್ಕೈದು ಶತಮಾನ ಇಬ್ಬರೂ ಬಂದರುಗಳಲ್ಲಿ ಎದುರುಬದುರು ಕೂತು ಲೆಕ್ಕ ಮಾಡಿದವರು. ಹಾಗಿದ್ದೂ ನಿತ್ಯದ ಮಾತಿನ ವಿನಿಮಯ ಬಹುಕಾಲ ನೇರವಾಗಿ ನಡೆಯಲಿಲ್ಲ. ನಡುವೆ ಫ್ರೆಂಚ್ ಕೂತಿತ್ತು. ಇದಕ್ಕೆ ಲೋಕಪ್ರಸಿದ್ಧ ಸಾಕ್ಷಿ 1855ರಲ್ಲಿ ಪ್ಯಾರಿಸ್ಸಿನಲ್ಲಿ ಅಚ್ಚಾದ, ಪೆಡ್ರೊ ಕರೊಲಿನೊ ಎಂಬಾತನ ಪೋರ್ಚುಗೀಸ್-ಇಂಗ್ಲಿಷ್ ಸಂಭಾಷಣೆಯ ಕೈಪಿಡಿ. ಆತ ಪೋರ್ಚುಗೀಸ್-ಫ್ರೆಂಚ್ ಕೈಪಿಡಿಯೊಂದನ್ನು ಎದುರಿಗಿಟ್ಟುಕೊಂಡು, ಫ್ರೆಂಚ್-ಇಂಗ್ಲಿಷ್ ನಿಘಂಟು ತಿರುವುತ್ತಾ ಇಂಗ್ಲಿಷ್ ಬರೆದ ಎಂದೇ ಪಂಡಿತರ ಅಂದಾಜು. ಬಾಗಿಲಲ್ಲಿ ಕಾದು ಕಾದು ಸುಸ್ತಾಗುವುದು ಎಂಬರ್ಥದ ಫ್ರೆಂಚ್ ನುಡಿಗಟ್ಟು ಅವನ ಕೈಯಲ್ಲಿ ‘ಪುಟ್ಟ ಕೋತಿಯನ್ನು ಕಟಕಟನೆ ಕಡಿ’ ಎಂದಾಯಿತು. 1883ರಲ್ಲಿ ಅಮೆರಿಕದ ಮುದ್ರಣಕ್ಕೆ ಮಾರ್ಕ್ ಟ್ವೇನ್ ಮುನ್ನುಡಿ ಬರೆದು ಹೊಟ್ಟೆ ತುಂಬ ನಕ್ಕ. ನಗುವುದೇನೋ ಸರಿ. ಆದರೆ ಪೋರ್ಚುಗಲ್ಲಿನ ಇಂದಿನ ಮಾತಿನಲ್ಲೂ ಅದೇ ಫ್ರೆಂಚ್ ಬಾಗಿಲು ತೆರೆದೇ ಇದೆ. ಆ ‘ಚಿಕ್ಕ ಊಟ’ ಫ್ರೆಂಚರ ತಿಂಡಿಯ ಹೆಸರಿನ ಯಥಾವತ್ ನಕಲು. ಕಂಪ್ಯೂಟರಿನ ಪರದೆಗೆ ಅವರು ಹೇಳುವ ‘ಎಕ್ರಾಂ’ ಕೂಡ ಫ್ರೆಂಚಿನದೇ.

ಬ್ರೆಜಿಲ್ಲಿಗೆ ಇಂಗ್ಲಿಷ್ ಬಂದ ದಾರಿ ಬೇರೆ. ನೆಪೋಲಿಯನ್ನನ ಸೇನೆಗೆ ಹೆದರಿದ ಪೋರ್ಚುಗಲ್ ರಾಜಮನೆತನ ಬ್ರಿಟಿಷ್ ನೌಕೆಗಳ ಕಾವಲಿನಲ್ಲಿ 1808ರಲ್ಲಿ ತನ್ನ ವಸಾಹತಾಗಿದ್ದ ಬ್ರೆಜಿಲ್ಲಿನ ರಿಯೊ ಡಿ ಜನೈರೊ ಸೇರಿತು. 1810ರ ಒಪ್ಪಂದದಲ್ಲಿ ಬ್ರಿಟಿಷ್ ಸರಕಿಗೆ ಸುಂಕ ಶೇ 15ಕ್ಕೆ ಇಳಿಯಿತು. ಸರಕಿನ ಹಿಂದೆಯೇ ಪದಗಳೂ ಇಳಿದವು, ಗಿರಾಕಿಯ ಬಾಯಲ್ಲಿ ರೂಪ ಬದಲಿಸಿಕೊಂಡವು. ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ಟ್ರಾಮಿನದು. 1868ರಲ್ಲಿ ರಿಯೊದಲ್ಲಿ ಅಮೆರಿಕನ್ ಬಂಡವಾಳದ ಕಂಪನಿಯೊಂದು ಕುದುರೆ ಎಳೆಯುವ ಟ್ರಾಮ್ ಓಡಿಸಿತು. ಚಿಲ್ಲರೆಯ ಅಭಾವಕ್ಕೆ ಕಂಪನಿ ಕೊಡುತ್ತಿದ್ದ ಚೀಟಿಗಳನ್ನು ‘ಬಾಂಡ್’ ಎನ್ನುತ್ತಿದ್ದರು, ಆ ಹೆಸರೇ ಗಾಡಿಗೂ ಅಂಟಿತು ಎಂದು ಒಂದು ಕತೆ. ಅದೇ ಹೊತ್ತಿಗೆ ಸರ್ಕಾರ ಹೊರಡಿಸಿದ ಸಾಲಪತ್ರಗಳಿಂದ ಬಂತೆಂದು ಇನ್ನೊಂದು. ಯಾವುದೇ ಇರಲಿ, ಟ್ರಾಮು ಬ್ರೆಜಿಲ್ಲಿನಲ್ಲಿ ‘ಬೊಂಜಿ’ ಆಯಿತು. ಪೋರ್ಚುಗಲ್ಲಿನಲ್ಲಿ ಅದು ‘ಎಲೆತ್ರಿಕು’, ಅಂದರೆ ವಿದ್ಯುತ್ತಿನದು.

ಈ ‘ಬೊಂಜಿ’ ಕನ್ನಡದ ಕಿವಿಗೆ ಅಪರಿಚಿತವೇನಲ್ಲ. ವ್ಯಂಜನದಲ್ಲಿ ಕೊನೆಯಾಗುವ ಇಂಗ್ಲಿಷ್ ಪದ ನಮ್ಮ ನಾಲಿಗೆಯಲ್ಲಿ ನಿಲ್ಲುವುದಿಲ್ಲ, ಒಂದು ‘ಉ’ ಹಚ್ಚಿಕೊಂಡು ಬಸ್ಸು, ಕಾರು, ರೋಡು ಆಗುತ್ತದೆ. ಬ್ರೆಜಿಲ್ಲಿನವರು ‘ಇ’ ಹಚ್ಚುತ್ತಾರೆ. ಕ್ಲಬ್ ‘ಕ್ಲೂಬಿ’, ಪಿಕ್‌ನಿಕ್ ‘ಪಿಕಿನೀಕಿ’. ಲಂಚ್ ‘ಲಾಂಶಿ’ ಆಗಿ, ಅರ್ಥದಲ್ಲೂ ಕುಗ್ಗಿ, ಮಧ್ಯಾಹ್ನದ ಊಟ ಹೋಗಿ ಸಂಜೆಯ ತಿಂಡಿಯಾಯಿತು. ಶಾಂಪೂ ‘ಶಂಪು’ ಆಯಿತು. ಅದು ಇಂಗ್ಲಿಷಿಗೆ ಹೋದದ್ದೇ ಹಿಂದಿಯ ‘ಚಾಂಪೊ’ದಿಂದ ಎಂಬುದನ್ನು ಸಾವೊ ಪೌಲೊದ ಕ್ಷೌರದಂಗಡಿಯಲ್ಲಿ ಯಾರೂ ಕೇಳುವುದಿಲ್ಲ.

ಇಂಥ ಕಲಬೆರಕೆಯನ್ನು ತಡೆಯಲು ಹೊರಟವರಲ್ಲಿ ಮೊದಲ ದೊಡ್ಡ ಹೆಸರು ರಿಯೊದ ಲ್ಯಾಟಿನ್ ಪಂಡಿತ ಆಂಟೊನಿಯೊ ಡಿ ಕಾಸ್ಟ್ರೊ ಲೋಪೆಸ್. ಆತನ ಸಿಟ್ಟು ಮುಖ್ಯವಾಗಿ ಫ್ರೆಂಚಿನ ಮೇಲೆ. 1889ರಲ್ಲಿ ಪುಸ್ತಕ ಬರೆದು, ಪರಭಾಷೆಯ ಪದಗಳಿಗೆ ಬದಲಿ ಪದಗಳನ್ನು ಟಂಕಿಸಿದ. ಹೋಟೆಲಿನ ಮೆನುವಿಗೆ ಲ್ಯಾಟಿನ್ ಬೇರುಗಳಿಂದ ‘ಕಾರ್ದಾಪಿಯು’, ಮೂಗಿನ ಮೇಲೆ ಕೂರುವ ಕನ್ನಡಕಕ್ಕೆ ‘ನಾಸೊಕುಲುಸ್’, ಪಿಕ್‌ನಿಕ್ಕಿಗೆ ‘ಕೊನ್ವೆಸ್ಕೊತಿ’. ಕಾದಂಬರಿಕಾರ ಮಶಾದೊ ಡಿ ಅಸಿಸ್ ಅದೇ ವರ್ಷ ತಮ್ಮ ಪತ್ರಿಕಾ ಅಂಕಣದಲ್ಲಿ ಇದನ್ನು ಗೇಲಿ ಮಾಡಿದರು. ಪಂಡಿತನ ಪದಗಳಲ್ಲಿ ಬಹುಪಾಲು ಅವನೊಂದಿಗೇ ಹೋದವು. ‘ಕೊನ್ವೆಸ್ಕೊತಿ’ ನಿಘಂಟಿನಲ್ಲಿದೆ, ತಮಾಷೆಗೆ ಬಳಸುತ್ತಾರೆ. ಆದರೆ ‘ಕಾರ್ದಾಪಿಯು’ ಮಾತ್ರ ಗೆದ್ದಿತು. ಇಂದು ಬ್ರೆಜಿಲ್ಲಿನ ರಸ್ತೆಬದಿಯ ಉಪಾಹಾರ ಮಂದಿರದಲ್ಲೂ ಅದೇ ಪದ. ಪೋರ್ಚುಗಲ್ ಮಾತ್ರ ಅದನ್ನು ತೆಗೆದುಕೊಳ್ಳಲಿಲ್ಲ, ಅಲ್ಲಿ ‘ಇಮೆಂತ’ ಎನ್ನುತ್ತಾರೆ. ಒಂದು ಪದ ಏಕೆ ಉಳಿಯಿತು, ಒಂಬತ್ತು ಏಕೆ ಸತ್ತವು ಎಂದು ನಿಯಮ ಹುಡುಕಿದವರಿದ್ದಾರೆ. ನನಗೆ ಕಾಣುವುದಿಷ್ಟೇ: ಹೊಟ್ಟೆ ಹಸಿದಾಗ ಬೇಕಾಗುವ ಪದ ಅದು.

ಆಮೇಲೆ ಫುಟ್‌ಬಾಲ್ ಬಂತು. 1894ರಲ್ಲಿ ಚಾರ್ಲ್ಸ್ ಮಿಲ್ಲರ್ ಇಂಗ್ಲೆಂಡಿನ ಶಾಲೆ ಮುಗಿಸಿ ಸಾವೊ ಪೌಲೊಗೆ ಚೆಂಡು ತಂದಾಗ ಆಟದ ಪದಗಳೆಲ್ಲ ಇಂಗ್ಲಿಷಿನವೇ, ದಶಕಗಳ ಕಾಲ ಪತ್ರಿಕೆಗಳೂ ಹಾಗೇ ಬರೆದವು. 1910ರಲ್ಲಿ ಹುಟ್ಟಿದ ಕೊರಿಂಥಿಯನ್ಸ್ ಕ್ಲಬ್ಬಿನ ಹೆಸರೇ ಆಗ ಪ್ರವಾಸ ಬಂದಿದ್ದ ಇಂಗ್ಲಿಷ್ ತಂಡದ್ದು. ‘ಲುದೊಪೆದಿಯು’ ಎಂಬ ಸ್ವಚ್ಛ ಪದವನ್ನು ಶುದ್ಧವಾದಿಗಳು ಮುಂದಿಟ್ಟರು, ಮೈದಾನದಲ್ಲಿ ಯಾರೂ ಕೇಳಲಿಲ್ಲ. ಫುಟ್‌ಬಾಲ್ ‘ಫುತಿಬೋಲ್’ ಆಯಿತು, ಶೂಟ್ ‘ಶೂತಿ’ ಆಯಿತು, ಟೀಮ್ ‘ಚೀಮಿ’ ಆಯಿತು. ಆ ‘ಚೀಮಿ’ಯನ್ನು ಬರೆಯುವ ಅಕ್ಷರಗಳು ಇಂಗ್ಲಿಷಿನ ‘ಟೈಮ್’ ಪದದವೇ ಆದ್ದರಿಂದ ಹೊಸಬರು ಕ್ರೀಡಾಪುಟದಲ್ಲಿ ಗಡಿಯಾರ ಹುಡುಕುತ್ತಾರೆ. ಅದೇ ಆಟವನ್ನು ಪೋರ್ಚುಗಲ್ ಪದಪದವಾಗಿ ತರ್ಜುಮೆ ಮಾಡಿಕೊಂಡಿತು. ಗೋಲಿ ಅಲ್ಲಿ ‘ಬಲೆಗಳ ಕಾವಲುಗಾರ’, ಬ್ರೆಜಿಲ್ಲಿನಲ್ಲಿ ‘ಗೊಲೇರು’. ಕಾರ್ನರ್ ಅಲ್ಲಿ ‘ಮೂಲೆ’, ಇಲ್ಲಿ ‘ಎಸ್ಕಾಂತೇಯು’.

ಕಾಗುಣಿತ ಸುಧಾರಿಸುವವರು ನಡುವೆ ಕೆ, ಡಬ್ಲ್ಯೂ, ವೈ ಈ 3 ಅಕ್ಷರಗಳನ್ನೇ ವರ್ಣಮಾಲೆಯಿಂದ ಹೊರಗಿಟ್ಟರು. ಪೋರ್ಚುಗಲ್ 1911ರಲ್ಲಿ, ಬ್ರೆಜಿಲ್ 1943ರಲ್ಲಿ. ವಿಸ್ಕಿ, ಯಾಟ್ ಮೊದಲಾದವು ಹೊಸ ಅಕ್ಷರದ ಅಂಗಿ ತೊಟ್ಟು ಒಳಗೇ ಉಳಿದವು.

ಗಂಟು ಬಿಗಿದದ್ದು ಕಂಪ್ಯೂಟರ್ ಬಂದ ಮೇಲೆ. ಬ್ರೆಜಿಲ್ 1984ರ ಕಾಯ್ದೆಯೊಂದರ ಮೂಲಕ ಸಣ್ಣ ಕಂಪ್ಯೂಟರುಗಳ ಮಾರುಕಟ್ಟೆಯನ್ನು ದೇಶಿ ಕಂಪನಿಗಳಿಗೆ ಮೀಸಲಿಟ್ಟಿತ್ತು. 1992ರಲ್ಲಿ ಆ ಬೇಲಿ ಬಿದ್ದಾಗ ಯಂತ್ರ, ತಂತ್ರಾಂಶ, ಪದಕೋಶ ಒಟ್ಟಿಗೇ ನುಗ್ಗಿದವು. ಅದುವರೆಗೆ ಒಂದೊಂದು ಪದ ಊರು ಸೇರಲು ಇಪ್ಪತ್ತು ಮೂವತ್ತು ವರ್ಷ ತೆಗೆದುಕೊಳ್ಳುತ್ತಿತ್ತು. ಈಗ ಸಾವಿರಾರು ಪದಗಳಿಗೆ ಮುಂದಿನ ತಿಂಗಳೊಳಗೆ ತರ್ಜುಮೆ ಬೇಕು, ಅದೂ ಒಂದು ಗುಂಡಿಯ ಅಗಲದೊಳಗೆ ಹಿಡಿಸಬೇಕು.

ಈ ಘಟ್ಟದ ಬಾಲವನ್ನು ನಾನೂ ಕಂಡಿದ್ದೇನೆ. ಬೆಂಗಳೂರಿನ ಒಂದು ಕಚೇರಿಯಲ್ಲಿ ಫೋನಿನ ಪರದೆಯ ಪದಗಳು ನಾನಾ ಭಾಷೆಗಳಲ್ಲಿ ಸರಿಯಾಗಿ ಕೂತಿವೆಯೇ ಎಂದು ನೋಡುವ ಕೆಲಸ ಕೆಲ ಕಾಲ ನನ್ನ ಪಾಲಿಗಿತ್ತು. ಎಕ್ಸೆಲ್ ಹಾಳೆಯಲ್ಲಿ ಪೋರ್ಚುಗೀಸಿಗೆ ಎರಡು ಕಾಲಂ. ಮೊದಮೊದಲು ಯಾರೋ ತಪ್ಪಿ ಎರಡು ಸಲ ಹಾಕಿದ್ದಾರೆ ಅಂದುಕೊಂಡಿದ್ದೆ. ಆಮೇಲೆ ಸಾಲುಗಳನ್ನು ಓದುತ್ತಾ ಹೋದೆ. ಮೌಸ್ ಪೋರ್ಚುಗಲ್ಲಿನಲ್ಲಿ ‘ರಾತು’, ಸಾಕ್ಷಾತ್ ಇಲಿಯೇ. ಬ್ರೆಜಿಲ್ಲಿನಲ್ಲಿ ನಮ್ಮ ಹಾಗೆ ಮೌಸ್. ಫೈಲ್ ಅಲ್ಲಿ ‘ಫಿಶೈರು’, ಇಲ್ಲಿ ‘ಅರ್ಕಿವು’. ಪಾಸ್‌ವರ್ಡ್ ಅಲ್ಲಿ ‘ಪಲಾವ್ರ ಪಾಸ್’, ಇಲ್ಲಿ ‘ಸೆನ್ಯ’. ಸೇವ್ ಎಂಬುದಕ್ಕೆ ಅಲ್ಲಿನವರು ‘ಗ್ವರ್ದಾರ್’, ಎತ್ತಿಡು ಎಂದರೆ, ಇಲ್ಲಿನವರು ‘ಸಲ್ವಾರ್’, ಕಾಪಾಡು ಅನ್ನುತ್ತಾರೆ. ಪಕ್ಕದ ಮೇಜಿನವರು ಕಮೀಜ್ ಎಲ್ಲಿ ಎಂದು ಕೇಳಿದ್ದರು. ಸೆಟ್ಟಿಂಗ್ಸ್ ಇಂಗ್ಲಿಷಿನಲ್ಲಿ 8 ಅಕ್ಷರ, ಪೋರ್ಚುಗಲ್ಲಿನಲ್ಲಿ 10, ಬ್ರೆಜಿಲ್ಲಿನಲ್ಲಿ 13. ಗುಂಡಿಯಿಂದ ಹೊರಚೆಲ್ಲುತ್ತಿದ್ದದ್ದು ಯಾವಾಗಲೂ ಆ ಹದಿಮೂರರದ್ದೇ.

ಡಿಲೀಟ್ ಮಾಡುವುದರ ಕತೆ ಇನ್ನೂ ಸ್ವಾರಸ್ಯದ್ದು. ಪೋರ್ಚುಗಲ್ ಹಳೆಯ ‘ಅಪಗಾರ್’ ಅನ್ನೇ ಇಟ್ಟುಕೊಂಡಿತು, ಅಳಿಸು ಎಂದು. ನಮ್ಮ ಪಗಾರಕ್ಕೂ ಇದಕ್ಕೂ ನಂಟಿಲ್ಲ, ಅದು ‘ಪಗಾರ್’, ಕೊಡು ಎಂಬ ಬೇರೆ ಪೋರ್ಚುಗೀಸ್ ಪದದ ಕೊಡುಗೆ. ಬ್ರೆಜಿಲ್ ಇಂಗ್ಲಿಷಿನಿಂದ ‘ಡೆಲೆತಾರ್’ ಮಾಡಿಕೊಂಡಿತು. ಇದನ್ನು ಭಾಷೆಯ ಮೇಲಿನ ಕಳಂಕ ಎಂದವರಿದ್ದಾರೆ. ಇಂಗ್ಲಿಷಿನ ಡಿಲೀಟ್ ಲ್ಯಾಟಿನ್ನಿನದು, ಅದೇ ಲ್ಯಾಟಿನ್ ಬೇರಿನಿಂದ ಬಂದ ‘ದೆಲಿರ್’ ಎಂಬ ಕ್ರಿಯಾಪದ ಪೋರ್ಚುಗೀಸಿನಲ್ಲಿ ಮೊದಲಿನಿಂದಲೇ ಇದ್ದು ಮೂಲೆಗೆ ಬಿದ್ದಿತ್ತು. ಮನೆ ಬಿಟ್ಟು ಹೋದ ಮಗಳು ವೇಷ ಬದಲಿಸಿ ಬಂದರೆ ಹೊಸ್ತಿಲಲ್ಲಿ ತಡೆದಂತೆ.

ಇವೆಲ್ಲ ನಾಮಪದ, ಕ್ರಿಯಾಪದಗಳ ಮಾತು. ತರ್ಜುಮೆಗಾರರ ನಿದ್ದೆ ಕೆಡಿಸುವುದು ಅವಲ್ಲ, ಇಂಗ್ಲಿಷಿನ ‘ಯೂ’. ನೀನು, ನೀವು, ತಾವು ಎಂಬ ಮೆಟ್ಟಿಲುಗಳ ಮೇಲೆ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬ್ರೆಜಿಲ್ಲಿನ ಬಹುಭಾಗದಲ್ಲಿ ‘ವೊಸೆ’ ಸ್ನೇಹದ ಮಾತು, ಜಾಹೀರಾತಿನಲ್ಲೂ ಫೋನಿನಲ್ಲೂ ಧಾರಾಳ. ಪೋರ್ಚುಗಲ್ಲಿನಲ್ಲಿ ಆಪ್ತರಿಗೆ ‘ತು’, ದೊಡ್ಡವರಿಗೆ ‘ಉ ಸೆನ್ಯೋರ್’. ಅಲ್ಲಿ ‘ವೊಸೆ’ ಎಂದು ಮುಖಕ್ಕೆ ಹೇಳಿದರೆ ಹಲವರಿಗೆ ಒರಟೆನಿಸುತ್ತದೆ. ಹಾಗಾಗಿ ಅಲ್ಲಿನ ತರ್ಜುಮೆಗಾರರು ಸರ್ವನಾಮವನ್ನೇ ನುಂಗಿಬಿಡುತ್ತಾರೆ, ‘ನಿಮ್ಮ ಫೈಲನ್ನು ನೀವು ಉಳಿಸಿದ್ದೀರಿ’ ಹೋಗಿ ‘ಫೈಲು ಉಳಿದಿದೆ’ ಆಗುತ್ತದೆ. ಬ್ರೆಜಿಲ್ಲಿಗೆಂದು ಮಾಡಿದ ತಂತ್ರಾಂಶ ಲಿಸ್ಬನ್ನಿನಲ್ಲಿ ಸಲಿಗೆ ತೆಗೆದುಕೊಂಡಂತೆ ಕೇಳಿಸುವುದಕ್ಕೆ ಇಂಗ್ಲಿಷ್ ಪದಗಳಿಗಿಂತ ಇದು ದೊಡ್ಡ ಕಾರಣ.

ಶತಮಾನದ ಕೊನೆಗೆ ವಿಷಯ ಸಂಸತ್ತಿನ ಮೆಟ್ಟಿಲೇರಿತು. ಫ್ರಾನ್ಸ್ 1994ರಲ್ಲಿ ಭಾಷಾ ರಕ್ಷಣೆಯ ಕಾಯ್ದೆ ತಂದಿತ್ತು. 1999ರಲ್ಲಿ ಬ್ರೆಜಿಲ್ ಸಂಸತ್ತಿನ ಕೆಳಮನೆಯಲ್ಲಿ ಅಲ್ದೊ ರೆಬೆಲೊ ಮಂಡಿಸಿದ ಮಸೂದೆ, ಸಾರ್ವಜನಿಕ ಬಳಕೆಯಲ್ಲಿ ಪರಭಾಷೆಯ ಪದಗಳಿಗೆ ಕಡಿವಾಣ ಹಾಕುವ, ತಪ್ಪಿದರೆ ದಂಡ ವಿಧಿಸುವ ಮಾತಾಡಿತು. ಅಂಗಡಿಗಳ ಫಲಕದಲ್ಲಿ ಸೇಲ್, ಡೆಲಿವರಿ ಎಂದು ಓದಿ ಬೇಸತ್ತವರಿಗೆ ಇದು ಹಿಡಿಸಿತು, ಅವರ ಬೇಸರ ಸುಳ್ಳೂ ಅಲ್ಲ. ಇಂಗ್ಲಿಷ್ ಬಾರದ ಗಿರಾಕಿ ತನ್ನ ಊರಿನ ಅಂಗಡಿಯಲ್ಲೇ ಪರದೇಶಿಯಾಗುವುದು ಸಣ್ಣ ಮಾತಲ್ಲ. ಭಾಷಾವಿಜ್ಞಾನಿಗಳು ಮಾತ್ರ ಉರಿದುಬಿದ್ದರು. ಕಾರ್ಲೋಸ್ ಆಲ್ಬರ್ಟೊ ಫರಾಕೊ ಸಂಪಾದಕತ್ವದಲ್ಲಿ 2001ರಲ್ಲಿ ಇದರ ವಿರುದ್ಧ ಒಂದು ಪುಸ್ತಕವೇ ಬಂತು. ಮಸೂದೆ ಸಮಿತಿಯಿಂದ ಸಮಿತಿಗೆ, ಮನೆಯಿಂದ ಮನೆಗೆ ಅಲೆದು ಕಾಯ್ದೆಯಾಗದೆ ಉಳಿಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಅಷ್ಟರಲ್ಲಿ ಬ್ರೆಜಿಲ್ಲಿನವರು ಇಂಗ್ಲಿಷರೂ ಗುರುತಿಸಲಾರದ ಇಂಗ್ಲಿಷ್ ಮಾಡಿಕೊಂಡಿದ್ದರು. ‘ಔಟ್‌ಡೋರ್’ ಎಂದರೆ ರಸ್ತೆಬದಿಯ ಜಾಹೀರಾತು ಫಲಕ, ‘ಶಾಪಿಂಗ್’ ಎಂದರೆ ಮಾಲ್, ‘ನೋಟ್‌ಬುಕ್’ ಎಂದರೆ ಲ್ಯಾಪ್‌ಟಾಪ್. ಇವನ್ನು ಇಂಗ್ಲಿಷ್ ಎನ್ನುವುದೇ ಸರಿಯೇ ಎಂದು ದಂಡ ಹಾಕಲು ಬಂದವರು ಮೊದಲು ತೀರ್ಮಾನಿಸಬೇಕಿತ್ತು.

ಇದಕ್ಕೆ ಸಮಾನಾಂತರವಾಗಿ, ಪೋರ್ಚುಗೀಸ್ ಮಾತಾಡುವ ದೇಶಗಳ ಕಾಗುಣಿತವನ್ನು ಒಂದುಮಾಡುವ ಒಪ್ಪಂದ ಸಾಗಿತ್ತು. 1990ರ ಡಿಸೆಂಬರಿನಲ್ಲಿ ಲಿಸ್ಬನ್ನಿನಲ್ಲಿ ಸಹಿಯಾದ ಇದು ಬ್ರೆಜಿಲ್ಲಿನಲ್ಲಿ 2009ರಿಂದ ಜಾರಿಗೆ ಬಂದು 2016ರಲ್ಲಿ ಕಡ್ಡಾಯವಾಯಿತು. ಹೊರಗಿಟ್ಟಿದ್ದ 3 ಅಕ್ಷರಗಳು ವಾಪಸ್ ಬಂದವು. ಪೋರ್ಚುಗೀಸು ಇನ್ನು ಒಂದೇ ಎಂದು ಹಲವರು ನಂಬಿದರು. ಆದರೆ ಒಪ್ಪಂದ ಮುಟ್ಟಿದ್ದು ಕಾಗುಣಿತವನ್ನು ಮಾತ್ರ, ಪದಗಳನ್ನಲ್ಲ. ಅದರಲ್ಲೂ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಹೋಟೆಲಿನ ರಿಸೆಪ್ಷನ್ನಿಗೆ ಇರುವ ಪೋರ್ಚುಗೀಸ್ ಪದವನ್ನು ಮೊದಲು ಎರಡೂ ದೇಶ ‘ಪ’ಕಾರ ಸೇರಿಸಿಯೇ ಬರೆಯುತ್ತಿದ್ದವು. ಉಚ್ಚರಿಸದ ಅಕ್ಷರ ಬಿಡಿ ಎಂದು ಒಪ್ಪಂದ ಹೇಳಿತು. ಪೋರ್ಚುಗಲ್ ಉಚ್ಚರಿಸುವುದಿಲ್ಲ, ಬಿಟ್ಟಿತು. ಬ್ರೆಜಿಲ್ ಉಚ್ಚರಿಸುತ್ತದೆ, ಉಳಿಸಿಕೊಂಡಿತು. ಹೀಗೆ ಒಂದಾಗಿದ್ದ ಪದವೂ ಒಗ್ಗೂಡಿಸುವ ಒಪ್ಪಂದದಿಂದಲೇ ಎರಡಾಯಿತು.

ಕೊನೆಗೆ ಲೆಕ್ಕ ತೂಗಿದ್ದು ತಲೆಯೆಣಿಕೆಯಲ್ಲಿ ಎಂದು ತೋರುತ್ತದೆ. 2022ರ ಜನಗಣತಿಯ ಪ್ರಕಾರ ಬ್ರೆಜಿಲ್ಲಿನ ಜನಸಂಖ್ಯೆ 20.3 ಕೋಟಿ. ಪೋರ್ಚುಗಲ್ಲಿನದು 1 ಕೋಟಿಯ ಆಸುಪಾಸು. ಯೂಟ್ಯೂಬಿಗೆ ಈ ಅಂಕಿ ಸಾಕು. 2021ರ ಕೊನೆಗೆ ಲಿಸ್ಬನ್ನಿನ ಪತ್ರಿಕೆಯೊಂದು, ಮಕ್ಕಳು ‘ಬ್ರೆಜಿಲಿಯನ್’ ಮಾತಾಡತೊಡಗಿವೆ ಎಂಬ ತಾಯ್ತಂದೆಯರ ಆತಂಕವನ್ನು ವರದಿ ಮಾಡಿತು. ಲಾಕ್‌ಡೌನಿನಲ್ಲಿ ಬ್ರೆಜಿಲ್ಲಿನ ವಿಡಿಯೊ ನೋಡಿದ ಮಕ್ಕಳು ಹುಲ್ಲಿಗೆ ‘ರೆಲ್ವ’ ಬಿಟ್ಟು ‘ಗ್ರಾಮ’ ಎನ್ನುತ್ತಿದ್ದವು, ಬಸ್ಸಿಗೆ ‘ಓನಿಬುಸ್’. ಇಂಗ್ಲಿಷ್ ಬರುತ್ತದೆಂದು ಮುಂಬಾಗಿಲಿಗೆ ಕಾವಲು ಕೂತವರಿಗೆ ಹಿತ್ತಲಿಂದ ತಮ್ಮದೇ ಭಾಷೆ ಬಂದು ಅಡುಗೆಮನೆ ಸೇರಿದ್ದು ತಡವಾಗಿ ತಿಳಿಯಿತು.

ನಮ್ಮ ಕರಾವಳಿಯಲ್ಲೂ ಬಾಲ್ದಿ, ಚಾವಿ, ಬಟಾಟೆ, ಇಸ್ತ್ರಿ, ಮೇಸ್ತ್ರಿ ಪೋರ್ಚುಗೀಸಿನಿಂದ ಬಂದು ತಲೆಮಾರುಗಳೇ ಕಳೆದವು. ಯಾವ ಸಮಿತಿಯೂ ಅವನ್ನು ಆರಿಸಿದ್ದಲ್ಲ.

ಗೂಗಲ್ಲಿನ ಅನುವಾದ ಸೇವೆಯಲ್ಲಿ ವರ್ಷಗಟ್ಟಲೆ ‘ಪೋರ್ಚುಗೀಸ್’ ಎಂಬ ಒಂದೇ ಸಾಲಿತ್ತು, ಅದರಿಂದ ಹೊರಬರುತ್ತಿದ್ದದ್ದು ಬಹುಪಾಲು ಬ್ರೆಜಿಲ್ಲಿನ ಮಾತು. 2024ರ ಜೂನಿನಲ್ಲಿ ಸಂಸ್ಥೆ ಒಂದೇ ಸಲ 110 ಹೊಸ ಸಾಲುಗಳನ್ನು ಸೇರಿಸಿತು. ಆ ಪಟ್ಟಿಯಲ್ಲಿ ನಮ್ಮ ಮಂಗಳೂರು, ಉಡುಪಿಯ ತುಳು ಇದೆ. ಅದರ ಜೊತೆಗೇ, ಹೊಸದಾಗಿ ಸೇರಿದ ಭಾಷೆಯ ಹಾಗೆ, ಪೋರ್ಚುಗಲ್ಲಿನ ಪೋರ್ಚುಗೀಸೂ ಇದೆ.