ಪದ ಪರಿಚಯ: ವರ್ಷನ್ ನಂಬರಿನ ನಡುವೆ ಕೂತಿರುವ ‘+ಡಿಎಫ್‌ಎಸ್‌ಜಿ’

ಡೆಬಿಯನ್ ಅಥವಾ ಉಬುಂಟು ಅನ್ನುವ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಬಳಸುವವರು ಇದನ್ನು ಒಂದಲ್ಲ ಒಂದು ದಿನ ನೋಡೇ ಇರುತ್ತೀರಿ. ಯಾವುದೋ ಪ್ಯಾಕೇಜ್ (ಇನ್‌ಸ್ಟಾಲ್ ಮಾಡುವುದಕ್ಕೆ ಸಿದ್ಧವಾಗಿ ಕಟ್ಟಿಟ್ಟ ಸಾಫ್ಟ್‌ವೇರ್) ಹಾಕಿಕೊಳ್ಳುವಾಗ ಟರ್ಮಿನಲ್‌ನಲ್ಲಿ ‘2.4+ಡಿಎಫ್‌ಎಸ್‌ಜಿ-1’ ಅನ್ನುವಂಥ ವರ್ಷನ್ ನಂಬರ್ ಬರುತ್ತದೆ. 2.4 ಅನ್ನುವುದು ಆ ಸಾಫ್ಟ್‌ವೇರ್ ಬರೆದವರು ಕೊಟ್ಟ ನಂಬರ್. ಕೊನೆಯ 1 ಅಂದರೆ ಡೆಬಿಯನ್‌ನವರು ಅದನ್ನು ಎಷ್ಟನೇ ಸಲ ಪ್ಯಾಕ್ ಮಾಡಿದ್ದಾರೆ ಅಂತ. ನಡುವಿನದ್ದು ಏನು? ಬೀಟಾ ಇರಬೇಕು ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. ಅಲ್ಲ. ಮೂಲ ಕಟ್ಟಿನಲ್ಲಿದ್ದ ಏನೋ ಒಂದು ನಮ್ಮ ನಿಯಮಕ್ಕೆ ಹೊಂದಲಿಲ್ಲ, ಅದನ್ನು ತೆಗೆದಿದ್ದೇವೆ ಅಂತ ಪ್ಯಾಕ್ ಮಾಡಿದವರು ಎಲ್ಲರಿಗೂ ಕಾಣುವ ಹಾಗೆ ಬರೆದಿಟ್ಟಿದ್ದಾರೆ, ಅಷ್ಟೆ.

ಡಿಎಫ್‌ಎಸ್‌ಜಿ ಅಂದರೆ ಡೆಬಿಯನ್ ಫ್ರೀ ಸಾಫ್ಟ್‌ವೇರ್ ಗೈಡ್‌ಲೈನ್ಸ್. 1997ರ ಜುಲೈನಲ್ಲಿ ಡೆಬಿಯನ್ ಬಳಗ ಒಪ್ಪಿಕೊಂಡ ಹತ್ತು ಅಂಶಗಳ ಪಟ್ಟಿ. ಬರಹ ರೂಪಕ್ಕೆ ತಂದವರು ಆಗ ಬಳಗದ ಮುಖ್ಯಸ್ಥರಾಗಿದ್ದ ಬ್ರೂಸ್ ಪೆರೆನ್ಸ್. ಮರುವರ್ಷ ‘ಓಪನ್ ಸೋರ್ಸ್’ ಅನ್ನುವ ಮಾತಿಗೆ ಅಧಿಕೃತ ವ್ಯಾಖ್ಯೆ ಬೇಕಾದಾಗ ಇದೇ ಪಟ್ಟಿಯನ್ನು ಸ್ವಲ್ಪ ತಿದ್ದಿ ಬಳಸಿಕೊಂಡರು.

ಇಲ್ಲಿ ‘ಫ್ರೀ’ ಅಂದರೆ ಪುಕ್ಕಟೆ ಅಲ್ಲ. ಯಾರು ಬೇಕಾದರೂ ತೆಗೆದುಕೊಳ್ಳಬಹುದಾ, ಯಾವ ಕೆಲಸಕ್ಕೆ ಬೇಕಾದರೂ ಬಳಸಬಹುದಾ, ಒಳಗೆ ಕೈ ಹಾಕಿ ಬದಲಾಯಿಸಬಹುದಾ, ಬದಲಾಯಿಸಿದ್ದನ್ನು ಇನ್ನೊಬ್ಬರಿಗೆ ಕೊಡಬಹುದಾ, ಮಾರಬಹುದಾ? ಎಲ್ಲದಕ್ಕೂ ಹೌದು ಅಂತ ಬಂದರೆ ಮಾತ್ರ ಡೆಬಿಯನ್ ಪ್ಯಾಕೇಜುಗಳನ್ನೆಲ್ಲ ಇಟ್ಟಿರುವ ಭಂಡಾರದ, ಅಂದರೆ ಆರ್ಕೈವ್‌ನ ‘ಮೇನ್’ ವಿಭಾಗಕ್ಕೆ ಪ್ರವೇಶ. ತಾನು ಫ್ರೀ ಆಗಿದ್ದು, ನಡೆಯುವುದಕ್ಕೆ ಫ್ರೀ ಅಲ್ಲದ ಇನ್ನೊಂದರ ಆಸರೆ ಬೇಕು ಅನ್ನುವಂಥದ್ದು ‘ಕಾಂಟ್ರಿಬ್’ಗೆ ಹೋಗುತ್ತದೆ. ಷರತ್ತು ಹೊಂದದಿದ್ದರೂ ಹಂಚುವುದಕ್ಕೆ ಅನುಮತಿ ಇರುವುದು ‘ನಾನ್-ಫ್ರೀ’ಗೆ. ಹಂಚುವುದಕ್ಕೂ ಅನುಮತಿ ಇಲ್ಲದಿದ್ದರೆ ಎಲ್ಲೂ ಜಾಗವಿಲ್ಲ.

ಹಾಗಾದರೆ ಕತ್ತರಿ ಬೀಳುವುದು ಯಾವುದಕ್ಕೆ? ಹೆಚ್ಚಿನ ಸಲ ಮುಖ್ಯ ಪ್ರೋಗ್ರಾಮಿಗಲ್ಲ, ಅದರ ಜೊತೆ ಸುಮ್ನೆ ಬಂದು ಸೇರಿಕೊಂಡ ಫೈಲುಗಳಿಗೆ. ನೆಟ್‌ವರ್ಕ್ ಪ್ರೋಗ್ರಾಮ್ ಒಂದರ ಡಾಕ್ಯುಮೆಂಟ್ ಫೋಲ್ಡರಿನಲ್ಲಿ ಓದುವವರಿಗೆ ಅನುಕೂಲವಾಗಲಿ ಅಂತ ಆರ್‌ಎಫ್‌ಸಿ ಪಠ್ಯವನ್ನು ಇಟ್ಟಿರುತ್ತಾರೆ. ಅಂತರ್ಜಾಲದ ಮಾನದಂಡಗಳೇ ಇರುವ ಪಠ್ಯ ಅದು, ಯಾರು ಬೇಕಾದರೂ ಓದಬಹುದು, ಹಂಚಬಹುದು. ಆದರೆ ತಿದ್ದಿ ಹಂಚುವುದಕ್ಕೆ ಸಾಮಾನ್ಯವಾಗಿ ಅನುಮತಿ ಇಲ್ಲ. ಹಾಗಾಗಿ ಅದು ಹೊರಗೆ, ವರ್ಷನ್ ನಂಬರಿಗೆ +ಡಿಎಫ್‌ಎಸ್‌ಜಿ. ವಾಣಿಜ್ಯ ಬಳಕೆ ಬೇಡ ಅನ್ನುವ ಷರತ್ತಿನ ಒಂದು ಚಿತ್ರ ಇದ್ದರೂ ಅಷ್ಟೇ. ಒಂದೇ ಸಾಲಿಗೆ ಹಿಂಡಿಟ್ಟ ಜಾವಾಸ್ಕ್ರಿಪ್ಟ್ ಇದ್ದು, ಮನುಷ್ಯರು ಓದಿ ತಿದ್ದಬಹುದಾದ ಅದರ ಮೂಲ ಕೋಡ್ ಜೊತೆಗಿಲ್ಲದಿದ್ದರೆ ಅದಕ್ಕೂ ಜಾಗವಿಲ್ಲ, ಬದಲಾಯಿಸುವ ಹಕ್ಕು ಕೊಟ್ಟು ಬದಲಾಯಿಸಲಾಗದ ಫೈಲ್ ಕೊಟ್ಟರೆ ಆ ಹಕ್ಕಿನಿಂದ ಏನು ಪ್ರಯೋಜನ, ಅಲ್ವಾ?

ನನಗೆ ಬಹಳ ಯೋಚನೆಗೆ ಹಚ್ಚಿದ ಉದಾಹರಣೆ ಅಂದರೆ ಜೇಸನ್ (JSON) ಲೈಸೆನ್ಸ್, ಜೇಸನ್ ಅನ್ನುವ ಡೇಟಾ ಬರೆಯುವ ಕ್ರಮಕ್ಕೆ ಸಂಬಂಧಿಸಿದ ಕೋಡಿನ ಜೊತೆ ಬಂದ ಲೈಸೆನ್ಸ್. ‘ಈ ಸಾಫ್ಟ್‌ವೇರನ್ನು ಒಳ್ಳೆಯದಕ್ಕೆ ಬಳಸಬೇಕು, ಕೆಟ್ಟದ್ದಕ್ಕಲ್ಲ’ ಅಂತ ಅದರಲ್ಲಿ ಒಂದು ಸಾಲಿದೆ. ಕೇಳೋಕೆ ಚೆನ್ನಾಗಿದೆ. ಆದರೆ ಒಳ್ಳೆಯದು ಯಾವುದು ಅಂತ ತೀರ್ಮಾನ ಮಾಡುವವರು ಯಾರು? ಇಂಥ ಕೆಲಸಕ್ಕೆ ಬಳಸಬಾರದು ಅಂತ ತಡೆಯುವ ಹಾಗಿಲ್ಲ ಅನ್ನುವುದು ಡಿಎಫ್‌ಎಸ್‌ಜಿಯ ಆರನೇ ಅಂಶ. ಹಾಗಾಗಿ ಈ ಸಾಲಿರುವ ಕೋಡನ್ನು ಮೇನ್‌ನಿಂದ ಹೊರಗಿಟ್ಟರು. ಮೊದಲು ಓದಿದಾಗ ಇದು ಅತಿಯಾಯಿತು ಅನ್ನಿಸಿತ್ತು. ಈಗ ಅವರು ಮಾಡಿದ್ದೇ ಸರಿ ಅನ್ನುತ್ತೇನೆ, ಯಾಕೆಂದರೆ ಕೆಟ್ಟದ್ದು ಅನ್ನುವುದಕ್ಕೆ ನನ್ನ ಅರ್ಥ ಬೇರೆ, ನಾಳೆ ಕೋರ್ಟಿಗೆ ಹೋಗುವವರ ಅರ್ಥ ಬೇರೆ.

ಈ ನಿಯಮಗಳು ಪ್ರೋಗ್ರಾಮುಗಳಿಗೆ ಮಾತ್ರವೋ, ಕೈಪಿಡಿ, ಫಾಂಟ್, ಚಿತ್ರ, ಫರ್ಮ್‌ವೇರ್ (ವೈಫೈ ಕಾರ್ಡಿನಂಥ ಯಂತ್ರಭಾಗಗಳು ಕೆಲಸ ಮಾಡುವುದಕ್ಕೆ ಅವುಗಳೊಳಗೆ ನಡೆಯುವ ಸಾಫ್ಟ್‌ವೇರ್) ಇವಕ್ಕೂ ಸೇರಿದ್ದೋ ಅನ್ನುವ ಜಗಳ ಬಹಳ ಕಾಲ ನಡೆಯಿತು. 2004ರಲ್ಲಿ ಮತ ಹಾಕಿ, ಮೇನ್‌ನಲ್ಲಿರುವ ಎಲ್ಲದಕ್ಕೂ ಅನ್ವಯ ಅಂತ ಮಾತನ್ನು ಬಿಗಿ ಮಾಡಿದರು. ಫರ್ಮ್‌ವೇರ್ ವಿಷಯದಲ್ಲಿ 2022ರಲ್ಲಿ ಮತ್ತೆ ಮತ ಬಿತ್ತು. ವೈಫೈಯೇ ನಡೆಯದ ಕಂಪ್ಯೂಟರ್‌ನಲ್ಲಿ ಹೊಸಬರು ಇನ್‌ಸ್ಟಾಲ್ ಮಾಡುವುದಾದರೂ ಹೇಗೆ? 2023ರ ಡೆಬಿಯನ್ 12ರಿಂದ ಫರ್ಮ್‌ವೇರಿಗೆ ‘ನಾನ್-ಫ್ರೀ-ಫರ್ಮ್‌ವೇರ್’ ಅಂತ ಬೇರೆ ವಿಭಾಗವೇ ಬಂತು, ಇನ್‌ಸ್ಟಾಲರ್ ಜೊತೆಗೂ ಅದನ್ನು ಕೊಡುತ್ತಾರೆ. ನಿಯಮ ಸಡಿಲಿಸಿ ಮೇನ್‌ಗೆ ನುಗ್ಗಿಸಲಿಲ್ಲ ಅನ್ನುವುದು ನನಗೆ ಮುಖ್ಯ.

ಇದನ್ನೆಲ್ಲ ನೋಡುವುದು ಯಂತ್ರ ಅಲ್ಲ, ಮನುಷ್ಯರು. ಹೊಸ ಪ್ಯಾಕೇಜ್ ಮೊದಲ ಸಲ ಬಂದಾಗ ಅದು ‘ನ್ಯೂ’ ಅನ್ನುವ ಸಾಲಿನಲ್ಲಿ ಕಾಯುತ್ತದೆ. ಇದಕ್ಕೆಂದೇ ಇರುವ ಡೆಬಿಯನ್ ತಂಡದ ಸ್ವಯಂಸೇವಕರು ಒಳಗಿನ ಫೈಲುಗಳನ್ನು ತೆರೆದು, ಯಾವುದಕ್ಕೆ ಯಾವ ಲೈಸೆನ್ಸ್ ಅಂತ ತಾಳೆ ನೋಡುತ್ತಾರೆ. ಕೆಲವೊಮ್ಮೆ ತಿಂಗಳುಗಟ್ಟಲೆ ಆಗುತ್ತದೆ, ಕಾಯುವವರಿಗೆ ಬೇಜಾರೂ ಆಗುತ್ತದೆ. ಆದರೂ ಈ ಕೆಲಸಕ್ಕೆ ಸಿಗುವ ಮೆಚ್ಚುಗೆ ತೀರಾ ಕಡಿಮೆ.

ಒಂದು ಮಾತು ನೆನಪಿರಲಿ. ಡಿಎಫ್‌ಎಸ್‌ಜಿ ಲೈಸೆನ್ಸ್ ನೋಡುತ್ತದೆ, ಸಭ್ಯತೆ ನೋಡುವುದಿಲ್ಲ. ‘ಫಾರ್ಚೂನ್’ ಅಂತ ಹಳೆಯ ಪ್ರೋಗ್ರಾಮ್ ಇದೆ, ಪ್ರತಿ ಸಲ ಒಂದು ಉಕ್ತಿ ತೋರಿಸುತ್ತದೆ. ಅದರಲ್ಲಿ ಮನ ನೋಯಿಸುವಂಥ ಉಕ್ತಿಗಳೂ ಇದ್ದವು. ಲೈಸೆನ್ಸಿನ ಮಟ್ಟಿಗೆ ತಕರಾರಿರಲಿಲ್ಲ. ಅವನ್ನು ಬಹಳ ಕಾಲ ಬೇರೆ ಪ್ಯಾಕೇಜಾಗಿ ಇಟ್ಟಿದ್ದರು, ಆಮೇಲೆ ಚರ್ಚೆಯಾಗಿ ಅದನ್ನೂ ಕೈಬಿಟ್ಟರು. ಇಂಥದ್ದಕ್ಕೆ ಹತ್ತು ಅಂಶಗಳಲ್ಲಿ ಉತ್ತರವಿಲ್ಲ, ಕೂತು ಮಾತಾಡಿಯೇ ತೀರ್ಮಾನಿಸಬೇಕು.

ನಿಮ್ಮ ಕಂಪ್ಯೂಟರ್‌ನಲ್ಲೇ +ಡಿಎಫ್‌ಎಸ್‌ಜಿ ಇರುವ ಒಂದು ಪ್ಯಾಕೇಜ್ ಹುಡುಕಿ, ಅದರ ‘ಕಾಪಿರೈಟ್’ ಫೈಲ್ ತೆರೆದು ನೋಡಿ. ಎಷ್ಟೋ ಪ್ಯಾಕೇಜುಗಳಲ್ಲಿ ಮೇಲಿನ ಸಾಲುಗಳಲ್ಲೇ ‘ಫೈಲ್ಸ್-ಎಕ್ಸ್‌ಕ್ಲೂಡೆಡ್’ ಅಂತ ಇರುತ್ತದೆ. ಅದರ ಮುಂದಿರುವುದೇ ತೆಗೆದ ಫೈಲುಗಳ ಹೆಸರು.