ಬೇರು ಒಂದಿಂಚು ಆಯಿತಾ? ಮಣ್ಣಿಗೆ ಇಳಿಸಿ

ಹೋದ ಮಳೆಗಾಲದಲ್ಲಿ ನಮ್ಮ ನರ್ಸರಿಗೆ ಒಬ್ಬ ಅಮ್ಮ ಬಂದಿದ್ದರು. ಕೈಯಲ್ಲಿ ಹಳೇ ಹಾರ್ಲಿಕ್ಸ್ ಬಾಟಲಿ, ಅದರೊಳಗೆ ತುಳಸಿ ಕಡ್ಡಿ. ತಳದವರೆಗೂ ಬಿಳಿ ಬೇರು ತುಂಬಿಕೊಂಡಿತ್ತು. “ನೋಡಿ ಮೇಡಂ, ಎರಡು ತಿಂಗಳಿಂದ ಸಾಕಿದ್ದೀನಿ. ನೀರಲ್ಲಿ ಇರೋವರೆಗೂ ನಳನಳಿಸುತ್ತೆ, ಕುಂಡಕ್ಕೆ ಹಾಕಿದ ನಾಲ್ಕೇ ದಿನಕ್ಕೆ ಬಾಡುತ್ತೆ. ಈಗಾಗಲೇ ಎರಡು ಹೋಯ್ತು. ನನ್ನ ಕೈಗುಣಾನೇ ಸರಿ ಇಲ್ವೇನೋ” ಎಂದರು.

ಕೈಗುಣಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಅವರು ಕಾದದ್ದು ಜಾಸ್ತಿಯಾಗಿತ್ತು, ಅಷ್ಟೇ.

ಕಡ್ಡಿಯನ್ನು ಮೆಲ್ಲಗೆ ಹೊರಗೆ ತೆಗೆದೆ. ಬೇರೆಲ್ಲ ಒದ್ದೆ ನೂಲಿನ ಹಾಗೆ ಒಂದಕ್ಕೊಂದು ಅಂಟಿಕೊಂಡವು. ಉಗುರಿನಿಂದ ಬಿಡಿಸಲು ಹೋದರೆ ಒಂದು ಟಕ್ ಎಂದು ಮುರಿಯಿತು. ಪಕ್ಕದ ಟ್ರೇಯಿಂದ ಮಣ್ಣಿನಲ್ಲೇ ಬೆಳೆದ ತುಳಸಿ ಸಸಿ ಕಿತ್ತು ತೋರಿಸಿದೆ. ಕೊಡವಿದರೂ ಅದರ ಬೇರಿನಿಂದ ಮಣ್ಣಿನ ಕಣ ಉದುರಲಿಲ್ಲ. ಆ ಕಣಗಳನ್ನು ಹಿಡಿದುಕೊಂಡಿರುವುದು ಬೇರಿನ ಮೈಮೇಲಿನ ಸಣ್ಣ ಸಣ್ಣ ರೋಮ. ಮಣ್ಣಿನಲ್ಲಿ ಗಿಡ ಬಹಳಷ್ಟು ನೀರು ಕುಡಿಯುವುದು ಅವುಗಳಿಂದ.

ಬಾಟಲಿಯಲ್ಲಿ ನೀರು ಹುಡುಕುವ ಕೆಲಸವೇ ಇಲ್ಲ. ಹಾಗಾಗಿ ಅಲ್ಲಿ ಹುಟ್ಟುವ ಬೇರಿಗೆ ರೋಮ ಕಡಿಮೆ, ಎಷ್ಟೋ ಸಲ ಇರುವುದೇ ಇಲ್ಲ. ಅಲ್ಲಿ ಬೇರಿಗೆ ಕಷ್ಟವಾಗುವುದು ಉಸಿರಾಟ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರಿನಲ್ಲಿ ಕರಗಿರುವ ಆಮ್ಲಜನಕ ಸುಮಾರು 8 ಮಿಲಿಗ್ರಾಂ ಮಾತ್ರ. ಒಂದು ಲೀಟರ್ ಗಾಳಿಯಲ್ಲಿ ಅದರ ಮೂವತ್ತು ಪಟ್ಟಿಗೂ ಹೆಚ್ಚು ಇರುತ್ತದೆ. ಈ ಕೊರತೆಗೆ ಒಗ್ಗಲು ಬೇರು ತನ್ನೊಳಗೆ ಗಾಳಿ ಓಡಾಡುವ ಟೊಳ್ಳು ಜಾಗ ಮಾಡಿಕೊಳ್ಳುತ್ತದೆ. ನೀರಲ್ಲಿ ಇದ್ದಷ್ಟು ದಿನ ಅದು ನೀರಿಗೇ ತಯಾರಾಗುತ್ತಾ ಹೋಗುತ್ತದೆ. ಎರಡು ತಿಂಗಳಾದ ಮೇಲೆ ಮಣ್ಣಿಗೆ ಇಳಿಸಿದರೆ ಆ ಉದ್ದದ ಬೇರುಗಳಿಗೆ ನೀರು ಎಳೆಯಲು ಬರುವುದಿಲ್ಲ. ಮೇಲೆ ಎಲೆಗಳು ಮಾತ್ರ ಎಂದಿನಂತೆ ನೀರನ್ನು ಆವಿಯಾಗಿ ಹೊರಬಿಡುತ್ತಿರುತ್ತವೆ. ನಾಲ್ಕು ದಿನಕ್ಕೆ ಬಾಡದೆ ಇನ್ನೇನು ಮಾಡೀತು?

ಅದಕ್ಕೇ ನಾನು ಎಲ್ಲರಿಗೂ ಹೇಳುವುದು ಇಷ್ಟು. ನಾಲ್ಕೈದು ಬೇರು ಬಂದು, ಒಂದೊಂದೂ ಎರಡು ಮೂರು ಸೆಂಟಿಮೀಟರ್, ಅಂದರೆ ಒಂದಿಂಚಿನಷ್ಟು ಆದ ತಕ್ಷಣ ಕಡ್ಡಿಯನ್ನು ಮಣ್ಣಿಗೆ ಹಾಕಿಬಿಡಿ. ಬೇರು ಬೆಳೆಯುವುದು ತುದಿಯಲ್ಲಿ. ತುದಿ ಇನ್ನೂ ಎಳೆಯದಾಗಿರುವಾಗಲೇ ಮಣ್ಣು ಸೇರಿದರೆ ಮುಂದಿನ ಬೆಳವಣಿಗೆಯೆಲ್ಲ ಮಣ್ಣಿಗೆ ತಕ್ಕಂತೆ ಆಗುತ್ತದೆ.

ಕುಂಡ ಚಿಕ್ಕದಿರಲಿ, ಕಾಫಿ ಲೋಟದಷ್ಟಾದರೂ ಸಾಕು. ತಳದಲ್ಲಿ ತೂತು ಬೇಕೇ ಬೇಕು. ಮಣ್ಣು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸಮಸಮ ಸೇರಿಸಿ. ಗೊಬ್ಬರ ಈಗಲೇ ಬೇಡ. ಗುಂಡಿ ಮಾಡಿ ಬೇರನ್ನು ತುರುಕಬೇಡಿ. ಕಡ್ಡಿಯನ್ನು ಒಂದು ಕೈಯಲ್ಲಿ ಹಿಡಿದು ಸುತ್ತಲೂ ಮಣ್ಣು ಉದುರಿಸುತ್ತಾ ಬನ್ನಿ, ಆಮೇಲೆ ನೀರು ಹಾಕಿದರೆ ತಾನೇ ಕೂರುತ್ತದೆ. ಮೊದಲ ವಾರ ಮಣ್ಣು ಒಣಗಲು ಬಿಡಬಾರದು. ಎರಡನೇ ವಾರದಿಂದ ನೀರು ನಿಧಾನವಾಗಿ ಕಡಿಮೆ ಮಾಡಿ. ಹತ್ತು ದಿನ ನೆರಳಲ್ಲಿ ಇಡಿ. ಎಲೆ ದೊಡ್ಡದಿದ್ದರೆ ಅರ್ಧಕ್ಕೆ ಕತ್ತರಿಸಿ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಾದರೆ ಮೇಲೊಂದು ಪ್ಲಾಸ್ಟಿಕ್ ಕವರ್ ಮುಚ್ಚಿದರೆ ಒಳ್ಳೆಯದು.

ಆ ಅಮ್ಮನ ತುಳಸಿಯ ಮೇಲ್ತುದಿ ನಾಲ್ಕು ಇಂಚು ಕತ್ತರಿಸಿ, ತೆನೆ ಚಿವುಟಿ ಹಾಕಿ, ಹೊಸದಾಗಿ ನೀರಿಗೆ ಇಡಲು ಹೇಳಿದೆ. ಹನ್ನೆರಡನೇ ದಿನ ಅದು ಕುಂಡ ಸೇರಿತು, ಈಗ ಅವರ ಮನೆ ಮುಂದೆ ಪೂಜೆ ತೆಗೆದುಕೊಳ್ಳುತ್ತಿದೆ.

ಕಡ್ಡಿ ಕತ್ತರಿಸುವಾಗ ನೋಡಬೇಕಾದದ್ದು ಗಿಣ್ಣು. ಕೆಳಗಿನ ಗಿಣ್ಣಿಗಿಂತ ಸ್ವಲ್ಪ ಕೆಳಗೆ ಕತ್ತರಿಸಿ. ಚಿಗುರು ತುದಿಯಲ್ಲಿ ತಯಾರಾಗುವ ಆಕ್ಸಿನ್ ಎಂಬ ಹಾರ್ಮೋನು ಕೆಳಕ್ಕೆ ಇಳಿದು ಕತ್ತರಿಸಿದ ಜಾಗದ ಹತ್ತಿರ ಸೇರುತ್ತದೆ, ಬೇರು ಹುಟ್ಟಿಸುವುದು ಅದು. ಗಿಣ್ಣಿಲ್ಲದ ಒಂಟಿ ಮನಿ ಪ್ಲಾಂಟ್ ಎಲೆಯನ್ನು ನೀರಿಗೆ ಹಾಕಿ ತಿಂಗಳುಗಟ್ಟಲೆ ಕಾಯುವವರಿದ್ದಾರೆ. ಎಲೆ ಹಸಿರಾಗೇ ಇರುತ್ತದೆ, ಆದರೆ ಬಳ್ಳಿ ಬರುವುದಿಲ್ಲ.

ನೀರಿನಲ್ಲಿ ಮುಳುಗುವ ಎಲೆ ಒಂದೂ ಇರಬಾರದು. ಅದು ಕೊಳೆತರೆ ಇರುವ ಅಷ್ಟು ಆಮ್ಲಜನಕವನ್ನೂ ಬ್ಯಾಕ್ಟೀರಿಯಾ ತಿಂದು ಮುಗಿಸುತ್ತವೆ. ಕಡ್ಡಿ ಲೋಳೆಯಾದರೆ, ನೀರು ವಾಸನೆ ಬಂದರೆ ಕಾರಣ ಇದೇ. ಮೂರು ದಿನಕ್ಕೊಮ್ಮೆ ನೀರು ಬದಲಿಸಿ. ಬೆಳಕಿರುವ, ಬಿಸಿಲು ನೇರ ಬೀಳದ ಕಿಟಕಿ ಒಳ್ಳೆಯದು. ಜೇನುತುಪ್ಪ, ಸಕ್ಕರೆ ಎಲ್ಲ ಹಾಕಬೇಡಿ, ಸುಮ್ನೆ ಬ್ಯಾಕ್ಟೀರಿಯಾಕ್ಕೆ ಊಟ ಹಾಕಿದಂತೆ. ನಲ್ಲಿ ನೀರೇ ಸಾಕು.

ಪುದೀನ, ಬಸಳೆ, ತುಳಸಿ, ಕೋಲಿಯಸ್ ಸುಲಭ. ಸಂತೆಯಿಂದ ತಂದ ಪುದೀನ ಕಟ್ಟಿನ ಗಟ್ಟಿ ಕಡ್ಡಿ ನಾಲ್ಕೈದು ದಿನಕ್ಕೇ ಬೇರು ತೋರಿಸುತ್ತದೆ. ನಾಟಿ ದಾಸವಾಳಕ್ಕೆ ತಿಂಗಳ ತಾಳ್ಮೆ ಬೇಕು. ಕಣಗಿಲೆಯೂ ಚೆನ್ನಾಗಿ ಬರುತ್ತದೆ, ಆದರೆ ಆ ಬಾಟಲಿಯ ನೀರು ವಿಷ. ಮಕ್ಕಳಿರುವ ಮನೆಯಲ್ಲಿ ದಯವಿಟ್ಟು ಬೇಡ. ದೊಡ್ಡಪತ್ರೆಯನ್ನು ನಾನು ನೀರಿಗೆ ಇಡುವುದೇ ಇಲ್ಲ. ನೇರ ಮಣ್ಣಿಗೆ ಚುಚ್ಚಿದರೆ ಬರುವ ಗಿಡಕ್ಕೆ ಬಾಟಲಿ ಯಾಕೆ, ಅಲ್ವಾ? ಕತ್ತರಿಸಿದರೆ ಹಾಲು ಸುರಿಯುವ ದೇವಕಣಗಿಲೆಯನ್ನು ನಾಲ್ಕೈದು ದಿನ ಒಣಗಿಸಿ ಮರಳು ಮಣ್ಣಿಗೆ ನೆಡಬೇಕು. ನೀರಲ್ಲಿ ಅದು ಕೊಳೆಯುವುದೇ ಹೆಚ್ಚು. ಕರಿಬೇವಿಗೆ ಬೀಜ, ಇಲ್ಲವೇ ಬುಡದಿಂದ ಎದ್ದ ಮರಿ ಗಿಡವೇ ಒಳ್ಳೆಯದು.

ಮನಿ ಪ್ಲಾಂಟ್ ಮಾತ್ರ ಬೇರೆ ಜಾತಿ. ಅದು ಹೂ ಬಿಡುವುದೇ ಅಪರೂಪ, ಮನೆಮನೆಯಲ್ಲಿ ಇರುವುದೆಲ್ಲ ಕಡ್ಡಿಯಿಂದ ಕಡ್ಡಿಗೆ ಬಂದದ್ದು. ವರ್ಷಗಟ್ಟಲೆ ನೀರಲ್ಲೇ ಇರಬಲ್ಲದು. ನನಗೆ ನಿಜವಾಗಿ ಭಯವಿರುವುದು ಈ ಬಾಟಲಿಗಳದ್ದೇ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಇಂಥ ನಿಂತ ಶುದ್ಧ ನೀರು ಬಹಳ ಇಷ್ಟ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಎಂದು ಸಾರಿ, ಸೊಳ್ಳೆ ಬೆಳೆಯಲು ಬಿಟ್ಟ ನಗರದ ಮನೆಗಳಿಗೆ 400 ರೂಪಾಯಿ ದಂಡ ಇಟ್ಟಿತು. ಬರೀ ನೀರು ಚೆಲ್ಲಿದರೆ ಸಾಲದು. ಮೊಟ್ಟೆ ನೀರಿನ ಮಟ್ಟಕ್ಕಿಂತ ಚೂರು ಮೇಲೆ, ಬಾಟಲಿಯ ಗೋಡೆಗೆ ಅಂಟಿರುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತದೆ. ವಾರಕ್ಕೊಮ್ಮೆ ಬ್ರಷ್ ಹಾಕಿ ಒಳಗೋಡೆಯನ್ನು ಗಟ್ಟಿಯಾಗಿ ಉಜ್ಜಿ. ಹಳೇ ನೀರನ್ನು ಚರಂಡಿಗೆ ಬಿಡದೆ ಒಣ ಮಣ್ಣಿನ ಮೇಲೆ ಚೆಲ್ಲಿ.